ಅಡ್ವಾನ್ಸ್: ಆಸ್ತಿ ವ್ಯವಹಾರದಲ್ಲಿ ಈ ಪದಕ್ಕೆ ಎಷ್ಟು ತೂಕ?

ರೇಟು ಕುದುರಿತು ಅನ್ನುವಷ್ಟರಲ್ಲಿ ಬ್ರೋಕರ್ ಕೇಳುವುದು ಒಂದೇ: ‘ಅಡ್ವಾನ್ಸ್ ಎಷ್ಟು ಕೊಡ್ತೀರಾ ಸರ್?’ ಕೊಳ್ಳುವವರು ಅದನ್ನು ಮೊದಲ ಕಂತು ಅಂದುಕೊಳ್ಳುತ್ತಾರೆ. ವ್ಯವಹಾರ ಮುಗಿದರೆ ಹೌದು, ಬೆಲೆಯಲ್ಲಿ ವಜಾ ಆಗುತ್ತದೆ. ನೀವೇ ಮಾತು ತಪ್ಪಿದರೆ? ಅಗ್ರಿಮೆಂಟಿನಲ್ಲಿ ಹಾಗೆಂದು ಬರೆದಿದ್ದರೆ ಮಾರುವವರು ಅದನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ವಕೀಲರು ಇದನ್ನೇ ಅರ್ನೆಸ್ಟ್ ಮನಿ ಅನ್ನುತ್ತಾರೆ.

ಬೆಂಗಳೂರಿನದೇ ಒಂದು ಕೇಸ್ ನೋಡಿ. 2007ರಲ್ಲಿ 55.5 ಲಕ್ಷಕ್ಕೆ ಮಾತಾಯಿತು, 20 ಲಕ್ಷ ಅಡ್ವಾನ್ಸ್ ಹೋಯಿತು. ಬಾಕಿ ಕೊಡಲು ನಾಲ್ಕು ತಿಂಗಳ ಗಡುವು. ಗಡುವಿನೊಳಗೆ ದುಡ್ಡು ಬರಲಿಲ್ಲ. ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2025ರಲ್ಲಿ ತೀರ್ಪು ಬಂತು: ಆ 20 ಲಕ್ಷ ಮಾರಿದವರಿಗೇ. ಮಾರುವವರು ತಪ್ಪಿದರೆ ಎರಡರಷ್ಟು ಕೊಡಬೇಕು ಎಂದೂ ಅದೇ ಅಗ್ರಿಮೆಂಟಿನಲ್ಲಿ ಇತ್ತು. ಹಾಗಾಗಿ ಅದು ಒಬ್ಬರ ಕಡೆಗೆ ಮಾತ್ರ ವಾಲಿದ ಕರಾರು ಅನ್ನುವಂತಿರಲಿಲ್ಲ.

ಗಡುವು ತಪ್ಪುವುದು ಸಾಮಾನ್ಯವಾಗಿ ಬ್ಯಾಂಕ್ ಲೋನಿನ ಹತ್ತಿರ. 80 ಲಕ್ಷದ ಮನೆ ಅಂದುಕೊಳ್ಳಿ. ರಿಸರ್ವ್ ಬ್ಯಾಂಕ್ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಗೃಹಸಾಲದಲ್ಲಿ ಮನೆ ಬೆಲೆಯ 80 ಪರ್ಸೆಂಟಿಗಿಂತ ಜಾಸ್ತಿ ಕೊಡುವಂತಿಲ್ಲ. ಅಂದರೆ 64 ಲಕ್ಷ. ಮಿಕ್ಕ 16 ಲಕ್ಷ ನಿಮ್ಮದು. ಸ್ಟ್ಯಾಂಪ್ ಡ್ಯೂಟಿ, ರಿಜಿಸ್ಟ್ರೇಷನ್ ಖರ್ಚು ಈ ಲೆಕ್ಕಕ್ಕೆ ಸೇರುವುದಿಲ್ಲ. ಅದಕ್ಕೆ ಇನ್ನೂ ಸುಮಾರು 6 ಲಕ್ಷ ಕೈಯಿಂದ ಹೋಗುತ್ತದೆ. ಇಷ್ಟಕ್ಕೆ ಮುಗಿಯಲಿಲ್ಲ. ಬ್ಯಾಂಕಿನ ವ್ಯಾಲ್ಯೂಯರ್ ಬಂದು ‘ಇದು 70 ಲಕ್ಷದ ಮನೆ’ ಎಂದು ಬರೆದರೆ ಲೋನ್ 56 ಲಕ್ಷಕ್ಕೆ ಇಳಿಯುತ್ತದೆ. ಆ 8 ಲಕ್ಷ ಎಲ್ಲಿಂದ ತರುತ್ತೀರಿ? ನಿಮ್ಮ ಅಡ್ವಾನ್ಸ್ ಆಗಲೇ ಮಾರುವವರ ಖಾತೆ ಸೇರಿರುತ್ತದೆ.

ಅದಕ್ಕೇ ನನ್ನ ಲೆಕ್ಕದಲ್ಲಿ ರೇಟಿಗೆ ಚೌಕಾಸಿ ಮಾಡಿದಷ್ಟೇ ಗಟ್ಟಿಯಾಗಿ ಅಡ್ವಾನ್ಸಿಗೂ ಮಾಡಬೇಕು. ಬೆಲೆಯಲ್ಲಿ ಐವತ್ತು ಸಾವಿರ ಇಳಿಸಿ ಗೆದ್ದೆ ಎಂದು ಬೀಗಿದವರೇ, ಒಂದೂವರೆ ತಿಂಗಳ ಗಡುವಿಗೆ ಸುಮ್ನೆ ಸಹಿ ಹಾಕಿರುತ್ತಾರೆ. ಲೋನ್ ಆಗದಿದ್ದರೆ ಅಥವಾ ಟೈಟಲ್‌ನಲ್ಲಿ, ಅಂದರೆ ಆಸ್ತಿಯ ಒಡೆತನದಲ್ಲಿ, ತೊಡಕು ಕಂಡರೆ ಅಡ್ವಾನ್ಸ್ ಪೂರ್ತಿ ವಾಪಸ್, ಇಷ್ಟು ದಿನದೊಳಗೆ, ಎಂಬ ಸಾಲು ಇರಲೇಬೇಕು. ಮಾರುವವರು ಲೋನಿನ ಸಾಲಿಗೆ ಒಪ್ಪುವುದು ಕಷ್ಟ. ಅವರೂ ಈ ದುಡ್ಡು ನಂಬಿ ಬೇರೆ ಕಡೆ ಮಾತು ಕೊಟ್ಟಿರುತ್ತಾರೆ, ಅಲ್ವಾ? ಆಗ ಅಡ್ವಾನ್ಸ್ ಕಮ್ಮಿ ಮಾಡಿ, ಗಡುವು ಜಾಸ್ತಿ ಕೇಳಿ.

ಎಷ್ಟು ಕೊಡಬೇಕು? ಹತ್ತು ಪರ್ಸೆಂಟ್ ಅನ್ನುವುದು ಬರೀ ರೂಢಿ. ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಅಡಿ ಬರುವ ಪ್ರಾಜೆಕ್ಟಿನಲ್ಲಿ ಅಗ್ರಿಮೆಂಟ್ ರಿಜಿಸ್ಟರ್ ಆಗದೆ ಬಿಲ್ಡರ್ ಹತ್ತು ಪರ್ಸೆಂಟಿಗಿಂತ ಜಾಸ್ತಿ ಪಡೆಯುವಂತಿಲ್ಲ.

ಟೋಕನ್ ಎಂದು ಮೊದಲೇ ಕೈಗಿಡುವ ಸಣ್ಣ ಮೊತ್ತಕ್ಕೂ ರಸೀದಿ ಬೇಕು. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ಅಡ್ವಾನ್ಸನ್ನು ನಗದಾಗಿ ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ತೆಗೆದುಕೊಂಡವರಿಗೆ. ‘ಕ್ಯಾಶ್ ಕೊಟ್ಬಿಡಿ’ ಅನ್ನುವ ಪಾರ್ಟಿಗೆ ಇದನ್ನು ಒಮ್ಮೆ ಹೇಳಿ ನೋಡಿ.