ಡೈರಿಯಲ್ಲೇ ಬಿಪಿ ನೋಡೋಣ

ಹಳ್ಳಿ ಜನಕ್ಕೆ ಚಿಕಿತ್ಸೆ ಸಿಗಬೇಕು ಅಂದ ಕೂಡಲೇ ಹೊಸ ಕಟ್ಟಡ, ಹೊಸ ಆ್ಯಂಬುಲೆನ್ಸ್, ಹೊಸ ಆ್ಯಪ್ ಅಂತ ಮಾತು ಶುರುವಾಗುತ್ತದೆ. ತಾಲ್ಲೂಕು ಮಟ್ಟದಲ್ಲಿ ವೈದ್ಯನಾಗಿರುವ ನನಗೆ ಮೊದಲು ನೆನಪಾಗುವುದು ಊರಿನ ಹಾಲಿನ ಡೈರಿ. ಹಬ್ಬ ಇರಲಿ, ಮಳೆ ಇರಲಿ, ದಿನಕ್ಕೆ ಎರಡು ಹೊತ್ತು ಅಷ್ಟೊಂದು ಮನೆಗಳಿಂದ ಒಬ್ಬೊಬ್ಬರಾದರೂ ಬಂದು ಸಾಲು ನಿಲ್ಲುವ ಜಾಗ ಊರಲ್ಲಿ ಬೇರೆ ಯಾವುದಿದೆ ಹೇಳಿ? ಯಾರ ಮನೆಯಿಂದ ನಾಲ್ಕು ದಿನದಿಂದ ಹಾಲು ಬಂದಿಲ್ಲ, ಯಾಕೆ ಬಂದಿಲ್ಲ ಅನ್ನೋದು ಸೆಕ್ರೆಟರಿಗೆ ಗೊತ್ತಿರುತ್ತದೆ.

ಡೈರಿಯಂಥ ಸಹಕಾರ ಸಂಘಗಳ ಈ ಬಲವನ್ನು ನಮ್ಮ ರಾಜ್ಯ ಒಮ್ಮೆ ಚೆನ್ನಾಗಿ ಬಳಸಿಕೊಂಡಿದೆ. 2003ರಲ್ಲಿ ಸಂಘಗಳ ಸದಸ್ಯರಿಗೆ ಅಂತ ಯಶಸ್ವಿನಿ ಆರೋಗ್ಯ ಯೋಜನೆ ಶುರುವಾದಾಗ ಒಬ್ಬರಿಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಹೃದಯ ತಜ್ಞ ಡಾ. ದೇವಿ ಶೆಟ್ಟಿ ಅವರ ಯೋಚನೆಗೆ ಸರ್ಕಾರ ಕೈಜೋಡಿಸಿತು. ಆದರೆ ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದ್ದು ಜಾಹೀರಾತು ನೋಡಿ ಅಲ್ಲ, ತಮ್ಮೂರಿನ ಸಂಘದವರು ಹೇಳಿದರು ಅಂತ. 2018ರಲ್ಲಿ ಅದು ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಸೇರಿಹೋಯಿತು. ಮತ್ತೆ 2022ರ ಕೊನೆಗೆ ನೋಂದಣಿ ಶುರುವಾದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ಚಿಕಿತ್ಸೆಗೆ ವರ್ಷಕ್ಕೆ 5 ಲಕ್ಷದವರೆಗೆ ಅಂತಾಯಿತು. ಒಳ್ಳೆಯ ಯೋಜನೆ. ಇನ್ನೂ ಮಾಡಿಸದ ಸದಸ್ಯರು ದಯವಿಟ್ಟು ಮಾಡಿಸಿ.

ಆದರೆ ಯಶಸ್ವಿನಿ ಕಾರ್ಡು ಕೈಗೆ ಬಂದರೆ ಎಲ್ಲ ಮುಗಿಯಿತು ಅಂದುಕೊಳ್ಳುವುದಿದೆಯಲ್ಲ, ಅಲ್ಲೇ ನನ್ನ ತಕರಾರು.

ನಾನು ನೋಡಿದ ಒಬ್ಬ ರೈತರ ವಿಷಯ ಹೇಳುತ್ತೇನೆ. ವಯಸ್ಸು ಐವತ್ತು ದಾಟಿದೆ, ಸಕ್ಕರೆ ಕಾಯಿಲೆ. ಕಾಲಿನ ಬೆರಳು ಕಪ್ಪಾದ ಮೇಲೆ ಬಂದರು. ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರು. ಮಾತ್ರೆ ಮಾತ್ರ ಯಾವಾಗಲೋ ನಿಂತಿತ್ತು. ಯಾಕೆ ಅಂದರೆ, "ಗುಳಿಗೆ ಮುಗೀತು ಸಾರ್, ತರೋಕೆ ಬಂದ್ರೆ ಒಂದಿನದ ಕೂಲಿ ಹೋಗುತ್ತೆ" ಅಂದರು. ಆಪರೇಷನ್ ದುಡ್ಡಿಲ್ಲದೆ ಆಯಿತು, ಎರಡು ಬೆರಳು ಹೋದವು. ಅಷ್ಟು ತಿಂಗಳೂ ಅವರ ಹೆಂಡತಿ ದಿನಕ್ಕೆ ಎರಡು ಸಲ ಡೈರಿಗೆ ಹೋಗಿ ಹಾಲು ಹಾಕಿ ಬರುತ್ತಲೇ ಇದ್ದರು. ಮಾತ್ರೆ ಅಲ್ಲಿಗೆ ಬಂದಿದ್ದರೆ? ಶುಗರಿನ ಮೆಟ್‌ಫಾರ್ಮಿನ್, ಬಿಪಿಯ ಆಮ್ಲೋಡಿಪಿನ್ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ದುಡ್ಡಿಲ್ಲದೆ ಕೊಡುವ ಮಾತ್ರೆಗಳು. ಕೊನೆಯ ಕೆಲವು ಕಿಲೋಮೀಟರ್ ದಾಟಿಸೋಕೆ ಯಾರೂ ಇರಲಿಲ್ಲ, ಅಷ್ಟೇ.

ಹಾಗಾಗಿ ನಾನು ಕೇಳುವುದು ತೀರಾ ಸಣ್ಣ ಏರ್ಪಾಟು. ತಿಂಗಳಿಗೆ ಒಂದು ಬಟವಾಡೆ ದಿನ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಬಿಪಿ ಯಂತ್ರ, ಗ್ಲೂಕೋಮೀಟರ್ ಹಿಡಿದು ಡೈರಿಯಲ್ಲಿ ಎರಡು ಗಂಟೆ ಕೂರಲಿ, ಪಕ್ಕದಲ್ಲಿ ಆಶಾ ಕಾರ್ಯಕರ್ತೆ ಇರಲಿ, ಮೊದಲೇ ಗುರುತಿಸಿದವರ ಮಾತ್ರೆಗಳು ಒಂದು ಡಬ್ಬದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ (ಪಿಎಚ್‌ಸಿ) ಬರಲಿ. ಬಾರದವರ ಮನೆಗೆ ಆಶಾ ಆ ವಾರವೇ ಹೋಗಿ ಬರಲಿ. ಒಂದು ಎಚ್ಚರ: ಬಿಪಿ, ಶುಗರ್ ಲೆಕ್ಕ ಹಾಲಿನ ಪುಸ್ತಕದಲ್ಲಿ ಬರೆಯಬೇಡಿ, ಸಾಲಿನಲ್ಲಿ ಎಲ್ಲರೆದುರು ಕೂಗಿ ಹೇಳಬೇಡಿ. ಅದಕ್ಕೆ ಆರೋಗ್ಯ ಸಿಬ್ಬಂದಿಯ ರಿಜಿಸ್ಟರ್ ಬೇರೆಯೇ ಇರಲಿ. ಹೆಂಗಸರು ಗರ್ಭಕೋಶದ ತೊಂದರೆ, ಬಿಳಿ ಮುಟ್ಟು ಅಂತ ಡೈರಿಯಲ್ಲಿ ಬಾಯಿ ಬಿಡುವುದಿಲ್ಲ. ಅದಕ್ಕೆ ಮನೆಯಲ್ಲೇ, ಆಶಾ ಜೊತೆ ಮಾತಾಗಬೇಕು.

ಎರಡನೆಯದು ಚೀಟಿ. ದೊಡ್ಡ ಆಸ್ಪತ್ರೆಗೆ ಸುಮ್ನೆ "ಹೋಗಿ" ಅಂತ ಕಳಿಸಿದರೆ ರೋಗಿ ಗೇಟಿನಲ್ಲೇ ಅರ್ಧ ದಿನ ಅಲೆಯುತ್ತಾರೆ. ಅಲ್ಲಿ ಯಾರನ್ನು ಕೇಳಬೇಕು, ಅವರ ಫೋನ್ ನಂಬರ್ ಏನು ಅನ್ನೋದು ಚೀಟಿಯಲ್ಲಿರಬೇಕು. ವಾಪಸ್ ಬರುವಾಗ ಏನು ಮಾಡಿದರು, ಯಾವ ಮಾತ್ರೆ ಎಷ್ಟು ದಿನ, ಹೊಲಿಗೆ ಯಾವಾಗ ಬಿಚ್ಚಬೇಕು ಅಂತ ಕನ್ನಡದಲ್ಲಿ ನಾಲ್ಕು ಸಾಲು ಇರಬೇಕು. ಪಿಎಚ್‌ಸಿ ವೈದ್ಯರ ಕೈಗೆ ಈ ನಾಲ್ಕು ಸಾಲು ಸಿಕ್ಕರೆ ಎಷ್ಟೋ ರೋಗಿಗಳು ಮತ್ತೆ ನಗರಕ್ಕೆ ಓಡಬೇಕಾಗಿಲ್ಲ.

ಇದು ಆಗದ ಕೆಲಸ ಅನ್ನುವವರು ಜಪಾನಿನ ನಾಗಾನೊ ಕಡೆ ನೋಡಬೇಕು. ಅಲ್ಲಿನ ‘ಸಾಕು’ ಅನ್ನುವ ಹೆಸರಿನ ಆಸ್ಪತ್ರೆ ರೈತರ ಸಹಕಾರ ಒಕ್ಕೂಟದ್ದು. 1945ರಲ್ಲಿ ಅಲ್ಲಿಗೆ ಬಂದ ಡಾ. ತೊಶಿಕಾಜು ವಾಕಾತ್ಸುಕಿ ಸಹೋದ್ಯೋಗಿಗಳನ್ನು ಕಟ್ಟಿಕೊಂಡು ಹಳ್ಳಿ ಹಳ್ಳಿಗೆ ಹೋದರು, ಕಾಯಿಲೆ ಬಗ್ಗೆ ತಿಳಿಸೋಕೆ ನಾಟಕ ಆಡಿದರು. 1959ರಲ್ಲಿ ಯಾಚಿಹೊ ಅನ್ನುವ ಊರಿನಲ್ಲಿ ಇಡೀ ಊರಿಗೆ ವರ್ಷವರ್ಷ ತಪಾಸಣೆ ಶುರು ಮಾಡಿದರು. ಜಪಾನ್ ಆಗಿನ್ನೂ ಇವತ್ತಿನಷ್ಟು ಶ್ರೀಮಂತ ದೇಶವಾಗಿರಲಿಲ್ಲ. ಸಹಕಾರದ ವಿಷಯದಲ್ಲಿ ನಾವೇನು ಹಿಂದುಳಿದವರಲ್ಲ, ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಸಂಘ ಕಟ್ಟಿದ್ದು 1905ರಲ್ಲೇ.

ಇಲ್ಲಿ ಒಂದು ದೊಡ್ಡ ಕೊರತೆ ಇದೆ, ಅದನ್ನು ಮುಚ್ಚಿಡಬಾರದು. ಹಸು ಇಲ್ಲದವರು ಡೈರಿಗೆ ಬರುವುದಿಲ್ಲ. ಕೂಲಿಯವರು, ಒಂಟಿ ಮುದುಕರು, ಕಾಲೋನಿಯ ಎಷ್ಟೋ ಮನೆಗಳು ಸಂಘದ ಪಟ್ಟಿಯಲ್ಲೇ ಇರುವುದಿಲ್ಲ, ಕಾಯಿಲೆ ಜಾಸ್ತಿ ಕಾಡುವುದೂ ಅವರನ್ನೇ. ಆದ್ದರಿಂದ ಸ್ತ್ರೀಶಕ್ತಿ ಗುಂಪು, ಪಂಚಾಯ್ತಿ ಎರಡನ್ನೂ ಮೊದಲ ದಿನದಿಂದಲೇ ಸೇರಿಸಿಕೊಳ್ಳಬೇಕು, ತಪಾಸಣೆ ಸದಸ್ಯರಿಗೆ ಮಾತ್ರ ಅನ್ನಬಾರದು.

ಡೈರಿ ಸಂಘಗಳ ಮಹಾಸಭೆ ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ನಡೆಯುತ್ತದೆ. ಅಷ್ಟರೊಳಗೆ ನಿಮ್ಮ ಪಿಎಚ್‌ಸಿ ವೈದ್ಯರನ್ನು ಒಮ್ಮೆ ಕಂಡು ಯಾವ ದಿನ ಸಿಬ್ಬಂದಿ ಕಳಿಸಬಹುದು ಅಂತ ಕೇಳಿ. ಗ್ಲೂಕೋಮೀಟರ್ ಸ್ಟ್ರಿಪ್ ಕೊರತೆಯಾದರೆ ಸಂಘವೇ ಕೊಳ್ಳುವಂತೆ ಸಭೆಯಲ್ಲಿ ತೀರ್ಮಾನ ಬರೆಸಿ, ಆ ಸಭೆಗೆ ನಿಮ್ಮೂರ ಆಶಾ ಅಕ್ಕನನ್ನೂ ಕರೆಯಿರಿ.