ಚುಕ್ಕೆ ಜಾರಿದರೆ ಸಪ್ತಕವೇ ಜಾರುತ್ತದೆ

ಶಿರಸಿಯಲ್ಲಿ ಪುಟವಿನ್ಯಾಸದ ಕೆಲಸ ಮಾಡುವ ನನ್ನ ಬಳಿಗೆ ಡಿಸೆಂಬರ್ ಹೊತ್ತಿಗೆ ಕಾಲೇಜಿನ ಸಂಗೀತ ವಿದ್ಯಾರ್ಥಿಗಳು ಬರುತ್ತಾರೆ. ಕುಮಟಾ, ಅಂಕೋಲಾ, ಕಾರವಾರದಿಂದ ಬಸ್ಸಿನಲ್ಲಿ ಘಟ್ಟ ಹತ್ತಿ ಬರುವವರೂ ಇದ್ದಾರೆ. ಸಂಗೀತಕ್ಕೇ ಮೀಸಲಾದ ಒಂದು ಪತ್ರಿಕೆ ತರಬೇಕೆಂಬುದು ಅವರ ಆಸೆ. ಬಂದವರು ಮೊದಲು ತೋರಿಸುವುದು ಮುಖಪುಟವನ್ನು: ತಂಬೂರಿ, ಹಿಂದೆ ಕಡಲು, ಮುಳುಗುವ ಸೂರ್ಯ. ನಾನು ಮೊದಲು ಕೇಳುವುದು ಸ್ವರಲಿಪಿಯ, ಅಂದರೆ ಹಾಡನ್ನು ಸರಿಗಮದಲ್ಲಿ ಬರೆದಿಟ್ಟ, ಪುಟವನ್ನು. ಸಂಗೀತದ ಪತ್ರಿಕೆಯಲ್ಲಿ ಎಲ್ಲಕ್ಕಿಂತ ಕಷ್ಟದ ಪುಟ ಅದು. ಗಾತ್ರ, ಕಾಗದ, ಹೊಲಿಗೆ, ಕೊನೆಗೆ ಮುದ್ರಕರು ಯಾರೆಂಬುದು ಕೂಡ ಆ ಪುಟದಿಂದಲೇ ತೀರ್ಮಾನವಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಜಿಲ್ಲೆಯಲ್ಲಿ ಹಿಂದೂಸ್ತಾನಿ ಕಲಿಯುವ ಹೆಚ್ಚಿನ ಮಕ್ಕಳು ಬಳಸುವುದು ಸಂಗೀತ ವಿದ್ವಾಂಸ ಭಾತಖಂಡೆಯವರ ಸ್ವರಲಿಪಿ ಪದ್ಧತಿ. ಮಂದ್ರ (ಕೆಳಗಿನ ಸಪ್ತಕದ) ಸ್ವರಕ್ಕೆ ಕೆಳಗೊಂದು ಚುಕ್ಕೆ, ತಾರಕ್ಕೆ (ಮೇಲಿನ ಸಪ್ತಕಕ್ಕೆ) ಮೇಲೊಂದು ಚುಕ್ಕೆ, ಕೋಮಲಕ್ಕೆ (ತಗ್ಗಿಸಿದ ಸ್ವರಕ್ಕೆ) ಅಡಿಗೆರೆ, ತೀವ್ರ ಮಧ್ಯಮಕ್ಕೆ (ಏರಿಸಿದ ‘ಮ’ಕ್ಕೆ) ನೆತ್ತಿಯ ಮೇಲೆ ಒಂದು ನಿಲುಗೆರೆ. ಭಾತಖಂಡೆಯವರು ಇದನ್ನು ರೂಪಿಸಿದ್ದು ದೇವನಾಗರಿಯಲ್ಲಿ. ಕನ್ನಡಕ್ಕೆ ತರುವಾಗ ನಮ್ಮ ಲಿಪಿ ತನ್ನದೇ ತಕರಾರು ತೆಗೆಯುತ್ತದೆ. ‘ಧ’ದ ಹೊಕ್ಕಳ ಸೀಳು ಅಕ್ಷರದ ಬುಡದಲ್ಲೇ ಇರುವುದರಿಂದ ಕೋಮಲದ ಅಡಿಗೆರೆ ಅದಕ್ಕೆ ತಾಗಿದರೆ ಧ ಹೋಗಿ ದ ಆಗುತ್ತದೆ. ‘ನಿ’ಯ ಗುಡಿಸಿನ ಮೇಲೆ ತಾರ ಸಪ್ತಕದ ಚುಕ್ಕೆ ಕುಳಿತರೆ ಎರಡೂ ಸೇರಿ ಒಂದು ಮಸಿಯ ಉಂಡೆ. ಸ್ವರದ ಸಾಲಿನ ಕೆಳಗೆ ಸಾಹಿತ್ಯದ ಸಾಲು ಬರುತ್ತದಲ್ಲ, ಅಲ್ಲಿ ಮಂದ್ರದ ಚುಕ್ಕೆ ಕೆಳಗಿನ ಅಕ್ಷರದ ತಲೆಕಟ್ಟಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಸ್ವರಲಿಪಿಗೆ ಅಕ್ಷರದ ಗಾತ್ರ 12 ಪಾಯಿಂಟ್ ಇದ್ದರೆ ಸಾಲಿನ ಅಂತರವನ್ನು ನಾನು 20ಕ್ಕಿಂತ ಕಡಿಮೆ ಮಾಡುವುದಿಲ್ಲ. ಪುಟ ಹೆಚ್ಚಾಗುತ್ತದೆ ಎಂದು ಸಂಪಾದಕ ಮಂಡಳಿ ಗೊಣಗಿದರೂ ಸರಿ, ಒಂದು ಶುಭಾಶಯ ಸಂದೇಶ ಕಡಿಮೆ ಹಾಕಿ ಎನ್ನುತ್ತೇನೆ.

ಈ ಹಟಕ್ಕೆ ಕಾರಣವಿದೆ. ನಾನು ಈ ಕೆಲಸಕ್ಕೆ ಇಳಿದ ಹೊಸತರಲ್ಲಿ ಚುಕ್ಕೆಗಳನ್ನು ಅಕ್ಷರದ ಜೊತೆ ಕೂಡಿಸದೆ, ಪುಟದ ಮೇಲೆ ಬಿಡಿಬಿಡಿ ಚಿತ್ರಗಳಾಗಿ ಇಟ್ಟಿದ್ದೆ. ಊರ ಹೊರಗಿನ ಒಂದು ಮುದ್ರಣಾಲಯದವರು ಕಡತ ತೆರೆದಾಗ ಅವರ ಕಂಪ್ಯೂಟರಿನಲ್ಲಿ ನಾನು ಬಳಸಿದ ಫಾಂಟ್ ಇರಲಿಲ್ಲ. ಬೇರೆ ಫಾಂಟ್ ಬಂದು ಕುಳಿತು ಅಕ್ಷರಗಳೆಲ್ಲ ಸ್ವಲ್ಪ ಸ್ವಲ್ಪ ಎಡಕ್ಕೆ ಸರಿದವು, ಚುಕ್ಕೆಗಳು ಮಾತ್ರ ಇದ್ದಲ್ಲೇ ಉಳಿದವು. ಕರಡು ತೋರಿಸದೆ ಅಚ್ಚು ಹಾಕಿಬಿಟ್ಟರು. ಭೂಪ ರಾಗದಲ್ಲಿ ಕಟ್ಟಿದ ಹಾಡು, ಅಂದರೆ ಒಂದು ಬಂದಿಶ್‌ನಲ್ಲಿ ಮಂದ್ರ ಧೈವತದ (‘ಧ’) ಚುಕ್ಕೆ ಪಕ್ಕದ ಷಡ್ಜಕ್ಕೆ (‘ಸ’) ಹೋಗಿತ್ತು. ಮೊದಲ ವರ್ಷದ ಹುಡುಗಿಯೊಬ್ಬಳು ಅದನ್ನು ಇದ್ದ ಹಾಗೆಯೇ ಅಭ್ಯಾಸ ಮಾಡಿಕೊಂಡು ಗುರುಗಳ ಮುಂದೆ ಹಾಡಿದಳೆಂದು ಆಮೇಲೆ ತಿಳಿಯಿತು. ಲೇಖನದಲ್ಲಿ ಒಂದು ಕಾಗುಣಿತ ತಪ್ಪಿದರೆ ಓದುಗ ತಾನೇ ತಿದ್ದಿಕೊಂಡು ಓದುತ್ತಾನೆ. ಕಲಿಯುವ ಮಗು ಸ್ವರಲಿಪಿಯನ್ನು ಹಾಗೆ ತಿದ್ದಿಕೊಳ್ಳಲಾರದು.

ಈಗ ನಾನು ತಾಳದ ಪ್ರತಿ ಮಾತ್ರೆಗೂ (ಎಣಿಕೆಗೂ) ಕೋಷ್ಟಕದಲ್ಲಿ ಒಂದು ಮನೆ ಮಾಡುತ್ತೇನೆ. ತೀನ್‌ತಾಲಕ್ಕೆ 16 ಮನೆ, ನಾಲ್ಕು ವಿಭಾಗಕ್ಕೆ ಸ್ವಲ್ಪ ದಪ್ಪನೆಯ ಗೆರೆ. ಝಪ್‌ತಾಲಕ್ಕೆ 10 ಮನೆ, ಎರಡು ಮೂರು ಎರಡು ಮೂರರಂತೆ. ಚುಕ್ಕೆ ಗೆರೆಗಳು ಅಕ್ಷರಕ್ಕೇ ಕಟ್ಟಿಕೊಂಡಿರುತ್ತವೆ. ಮುದ್ರಣಕ್ಕೆ ಹೋಗುವುದು ಫಾಂಟ್ ಒಳಸೇರಿಸಿದ ಪಿಡಿಎಫ್ ಮಾತ್ರ. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಲೇಖನ ಬಂದರೆ ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವೊತ್ತುಗಳನ್ನು ಒಂದೊಂದಾಗಿ ನೋಡಬೇಕು.

ಪುಟದ ಗಾತ್ರವನ್ನೂ ಇಲ್ಲಿಯೇ ಲೆಕ್ಕ ಹಾಕಬಹುದು. ಎ5 ಪುಟದ ಅಗಲ 148 ಮಿ.ಮೀ. ಎರಡೂ ಕಡೆ 15 ಮಿ.ಮೀ. ಅಂಚು ಬಿಟ್ಟರೆ ಉಳಿಯುವುದು 118; ಅದನ್ನು 16 ಮಾತ್ರೆಗೆ ಹಂಚಿದರೆ ಒಂದು ಮನೆಗೆ ಏಳು ಮಿ.ಮೀ. ಚಿಲ್ಲರೆ. ನಾಲ್ಕು ಪಟ್ಟು ವೇಗದ ಸ್ವರಗಳ ಓಟ, ಅಂದರೆ ಚೌಗುಣದ ತಾನ್, ಬಂದರೆ ಅಷ್ಟರೊಳಗೆ ನಾಲ್ಕು ಸ್ವರ ಹಿಡಿಸಬೇಕು, ಆಗುವುದಿಲ್ಲ. ಎ4ರಲ್ಲಿ 20 ಮಿ.ಮೀ. ಅಂಚು ಬಿಟ್ಟರೂ ಒಂದು ಮನೆಗೆ ಹತ್ತೂವರೆ ಸಿಗುತ್ತದೆ. ಹಣ ಕಡಿಮೆಯಿದ್ದು ಎ5 ಅನಿವಾರ್ಯವಾದರೆ ಎಂಟೆಂಟು ಮಾತ್ರೆಗೆ ಸಾಲು ಮುರಿಯಿರಿ, ಆದರೆ ಸಮ್ (ತಾಳದ ಮೊದಲ ಮಾತ್ರೆ) ಯಾವಾಗಲೂ ಒಂದೇ ಮನೆಯಲ್ಲಿ ಬರಲಿ. ಯಕ್ಷಗಾನದ ಪದ್ಯ ಹಾಕುವಾಗ ಇದೇ ಚೌಕಟ್ಟನ್ನು ಅದರ ಮೇಲೆ ಹೇರಬೇಡಿ. ತ್ರಿವುಡೆ ತಾಳದ 7 ಅಕ್ಷರಕ್ಕೆ ಅದರದೇ ಮನೆ ಬೇಕು, ಬಾಯಲ್ಲಿ ಹೇಳುವ ಮದ್ದಳೆಯ ನುಡಿಯಾದ ಬಾಯಿತಾಳವನ್ನು ತಬಲಾದ ಬೋಲ್‌ನಂತೆ ಬರೆಯಬಾರದು. ಗುಣವಂತೆಯಲ್ಲಿ ಕೆರೆಮನೆ ಮೇಳ 1934ರಿಂದ ನಡೆದುಕೊಂಡು ಬಂದ ಜಿಲ್ಲೆ ನಮ್ಮದು. ಭಾಗವತಿಕೆ ಬಲ್ಲವರಿಗೆ ಆ ಪುಟವನ್ನು ಒಮ್ಮೆ ತೋರಿಸುವುದು ಕಷ್ಟವೇನಲ್ಲ.

ಇನ್ನು ಪತ್ರಿಕೆ ಹಾರ್ಮೋನಿಯಂ ಮುಂದೆ ತೆರೆದುಕೊಂಡು ಮಲಗಬೇಕು. ಬೆನ್ನಿಗೆ ಅಂಟು ಹಾಕಿದ ಪತ್ರಿಕೆ ಕೈಬಿಟ್ಟ ಕೂಡಲೇ ಮುಚ್ಚಿಕೊಳ್ಳುತ್ತದೆ. 64 ಪುಟದೊಳಗಿದ್ದರೆ ನಡುವೆ ಪಿನ್ ಹೊಡೆಸುವುದೇ ಸರಿ, ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು ಅಷ್ಟೆ. ಕರಾವಳಿಯ ಉಪ್ಪುಗಾಳಿಗೆ ಸಾದಾ ಪಿನ್ ತುಕ್ಕು ಹಿಡಿದು ನಡುಪುಟ ಕಂದಾಗುತ್ತದೆ, ಸತುವಿನ ಲೇಪನದ ತಂತಿ ಕೇಳಿ ಹಾಕಿಸಿ. ಒಳಪುಟಕ್ಕೆ ಹೊಳೆಯುವ ಆರ್ಟ್ ಪೇಪರ್ ಬೇಡ. ದೀಪದ ಬೆಳಕಿನಲ್ಲಿ ಕಣ್ಣಿಗೆ ಹೊಡೆಯುತ್ತದೆ, ಪೆನ್ಸಿಲ್ ಗುರುತು ಕೂರುವುದಿಲ್ಲ. 80 ಜಿಎಸ್‌ಎಂ ಮ್ಯಾಪ್‌ಲಿಥೋ, ಅಂದರೆ ಹೊಳಪಿಲ್ಲದ ಸಾದಾ ಕಾಗದ, ಸಾಕು. ಜುಲೈ ತಿಂಗಳ ಬಿಡುಗಡೆಯನ್ನಂತೂ ಕೈಬಿಡಿ. ಒಂದೇ ಬದಿಗೆ ಲ್ಯಾಮಿನೇಷನ್ ಆದ ರಕ್ಷಾಪುಟದ ಒಳಮೈ ತೇವ ಹೀರಿ ಹಿಗ್ಗುತ್ತದೆ, ಹೊರಮೈ ಹಿಗ್ಗುವುದಿಲ್ಲ; ಪತ್ರಿಕೆ ಹಪ್ಪಳದಂತೆ ಸುರುಳಿಯಾಗುತ್ತದೆ. ಫೆಬ್ರವರಿಯಲ್ಲಿ ಅಚ್ಚು ಹಾಕಿಸುವುದು ಒಳ್ಳೆಯದು.

ಪ್ರಕಾಶಕರ ವಿಷಯ. ವಿದ್ಯಾರ್ಥಿಗಳು ಮುದ್ರಕರನ್ನೂ ಪ್ರಕಾಶಕರನ್ನೂ ಒಂದೇ ಎಂದು ತಿಳಿಯುತ್ತಾರೆ. ಹುಬ್ಬಳ್ಳಿಗೋ ಗದಗಕ್ಕೋ ಹೋಗಿ ಅಚ್ಚು ಹಾಕಿಸಿದ ಮಾತ್ರಕ್ಕೆ ಅವರು ಪ್ರಕಾಶಕರಾಗುವುದಿಲ್ಲ. ಹಣ ಹಾಕಿ, ಹೊಣೆ ಹೊತ್ತು, ಓದುಗರಿಗೆ ತಲುಪಿಸುವವರು ಪ್ರಕಾಶಕರು. ವಾರ್ಷಿಕ ಸಂಚಿಕೆಗೆ ಕಾಲೇಜೇ ಪ್ರಕಾಶಕನಾಗಿ, ಒಳ್ಳೆಯ ಮುದ್ರಕರನ್ನು ಹುಡುಕಿಕೊಂಡರೆ ಸಾಕೆಂದು ನನಗೆ ಅನಿಸುತ್ತದೆ. “ನಾವು ಪ್ರಕಟಿಸುತ್ತೇವೆ, ನೀವು 300 ಪ್ರತಿ ಕೊಳ್ಳಿ” ಎನ್ನುವವರು ಮಾಡುತ್ತಿರುವುದು ಮುದ್ರಣದ ವ್ಯಾಪಾರ. ಅದಕ್ಕೆ ಮುದ್ರಣದ ದರವನ್ನಷ್ಟೇ ಕೊಡಬೇಕು. ಐಎಸ್‌ಬಿಎನ್ ಕೊಡಿಸುತ್ತೇವೆಂದು ಹಣ ಕೇಳಿದರೆ ಎದ್ದು ಬನ್ನಿ. 13 ಅಂಕಿಯ ಆ ಸಂಖ್ಯೆ ಪುಸ್ತಕಕ್ಕೆ ಸೇರಿದ್ದು. ನಿಯತಕಾಲಿಕೆಗೆ ಬೇಕಾದದ್ದು 8 ಸ್ಥಾನದ ಐಎಸ್‌ಎಸ್‌ಎನ್. ಭಾರತದಲ್ಲಿ ಎರಡೂ ಉಚಿತ. ಸುದ್ದಿ, ಸುದ್ದಿಯ ಮೇಲಿನ ಟಿಪ್ಪಣಿ ಹಾಕಿ ತ್ರೈಮಾಸಿಕವಾಗಿ ಹೊರಗೆ ಮಾರುವ ಯೋಚನೆಯಿದ್ದರೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದ ನಿಯತಕಾಲಿಕೆಗಳ ಹೊಸ ಕಾಯ್ದೆಯಂತೆ ನೋಂದಣಿ ಬೇಕು, ಮೊದಲೇ ವಿಚಾರಿಸಿಕೊಳ್ಳಿ.

ಒಳ್ಳೆಯ ಪ್ರಕಾಶಕರು ಹಕ್ಕಿನ ಬಗ್ಗೆ ತಾವಾಗಿಯೇ ಕೇಳುತ್ತಾರೆ. ಕವಿ ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಗೀತೆಗೆ ಸ್ವರ ಹಾಕಿ ಪೂರ್ತಿ ಅಚ್ಚಿಸಲು 2041ರ ಕೊನೆಯವರೆಗೂ ಅನುಮತಿ ಬೇಕು. ದಾಸರ ಪದಕ್ಕೆ ಆ ಚಿಂತೆಯಿಲ್ಲ. ಹಾಲಕ್ಕಿ ಒಕ್ಕಲಿಗರ ಜನಪದ ಹಾಡುಗಳಿಗೆ ಬರೆದ ಕವಿಯಿಲ್ಲ, ನಿಜ. ಆದರೆ ಹಾಡಿದ ಅಜ್ಜಿ ಇದ್ದಾಳೆ. ಅಂಕೋಲಾದ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಹಾಗಿದ್ದ ಮೇಲೆ, ಹಾಡು ಕೊಟ್ಟ ಹೆಂಗಸಿನ ಒಪ್ಪಿಗೆ ಕೇಳದೆ, ಅವಳ ಹೆಸರು, ಊರು ಬರೆಯದೆ ಕೇವಲ ‘ಜಾನಪದ’ ಎಂದು ಅಚ್ಚಿಸಿದ ಸಂಚಿಕೆಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪತ್ರಿಕೆ ಬಂದ ದಿನ ಮೊದಲ ಪ್ರತಿಯನ್ನು ಅವಳ ಮನೆಗೆ ಕೊಟ್ಟು ಬನ್ನಿ.

ಇಬ್ಬರು ಮೂವರು ಮುದ್ರಕರಿಂದ ದರಪಟ್ಟಿ ತರಿಸಿದ ಮೇಲೆ, ಅದೇ ಕಾಗದದ ಮೇಲೆ ಸ್ವರಲಿಪಿಯ ಒಂದು ಪುಟ ಅಚ್ಚು ಮಾಡಿಕೊಡಲು ಕೇಳಿ. ಆ ಬಂದಿಶ್ ಗೊತ್ತಿಲ್ಲದ ಒಬ್ಬ ಕಿರಿಯ ವಿದ್ಯಾರ್ಥಿಯ ಮುಂದೆ ಆ ಹಾಳೆಗಳನ್ನು ಒಂದೊಂದಾಗಿ ಇಟ್ಟು ಹಾಡಿಸಿ. ಯಾವ ಹಾಳೆ ನೋಡಿ ಅವನು ಕೋಮಲ ಧೈವತದಲ್ಲಿ ತಡವರಿಸದೆ ಮಂದ್ರಕ್ಕೆ ಇಳಿದನೋ ಆ ಮುದ್ರಕರಿಗೆ ಮುಂಗಡ ಕೊಡಿ.