ತರಂಗದ ರಾಶಿಯಲ್ಲಿ ಒಂದು ಬೈಟ್

ವಿದ್ಯುತ್ ಸಂಕೇತವನ್ನು ಪರದೆಯ ಮೇಲೆ ತರಂಗವಾಗಿ ತೋರಿಸುವ ಆಸಿಲೋಸ್ಕೋಪ್ ಸೊನ್ನೆ-ಒಂದುಗಳನ್ನು ನೋಡುತ್ತದೆ ಎಂಬ ಮಾತು ಅರ್ಧ ಸತ್ಯವೂ ಅಲ್ಲ. ಕಾರ್ಲ್ ಫರ್ಡಿನಾಂಡ್ ಬ್ರೌನ್ 1897ರಲ್ಲಿ ಕ್ಯಾಥೋಡ್ ಕಿರಣದ ಕೊಳವೆಯನ್ನು ರೂಪಿಸಿದ ಕಾಲದಿಂದ ಇಂದಿನವರೆಗೂ ಈ ಉಪಕರಣಕ್ಕೆ ಕಾಣುವುದು ವೋಲ್ಟೇಜಿನ ಏರಿಳಿತ ಮಾತ್ರ. ಅದನ್ನು ಬೈಟುಗಳಾಗಿ, ಅಂದರೆ 8 ಬಿಟ್‌ಗಳ ಗುಂಪುಗಳಾಗಿ ಓದುವುದು ಡಿಕೋಡರ್ ಕೆಲಸ. ಈ ಉಪಕರಣದ ಟ್ರಿಗರ್ ಮತ್ತು ಸರ್ಚ್ ಎಂಬ ಎರಡು ಸೌಲಭ್ಯಗಳು ಒಂದೇ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಟ್ರಿಗರ್ ಯಾವ ಕ್ಷಣವನ್ನು ಸೆರೆಹಿಡಿಯಬೇಕೆಂದು ನಿರ್ಧರಿಸುವ ಬಾಗಿಲ ಕಾವಲುಗಾರನಾದರೆ, ಸರ್ಚ್ ಎಂಬುದು ಈಗಾಗಲೇ ದಾಖಲಾದ ಕಡತವನ್ನು ಹಾಳೆಹಾಳೆಯಾಗಿ ತಿರುವುವ ಗುಮಾಸ್ತ.

ಫಿಲಿಪ್ಸ್ ಕಂಪನಿ 1982ರಲ್ಲಿ ರೂಪಿಸಿದ ಐ2ಸಿ ಬಸ್‌ನಲ್ಲಿ, ಅಂದರೆ ಚಿಪ್‌ಗಳು ಪರಸ್ಪರ ಮಾತಾಡುವ ಹಾದಿಯಲ್ಲಿ, ಇರುವುದು ಎರಡೇ ತಂತಿ, ಒಂದು ತಾಳ ಹಾಕುವ ಕ್ಲಾಕ್, ಇನ್ನೊಂದು ಬಿಟ್‌ಗಳನ್ನು ಒಯ್ಯುವ ಡೇಟಾ. ಕ್ಲಾಕಿನ ವೋಲ್ಟೇಜ್ ಮೇಲಿರುವಾಗ ಡೇಟಾ ಅಲುಗಬಾರದೆಂಬುದು ನಿಯಮ. ಆ ನಿಯಮವನ್ನು ಬೇಕೆಂದೇ ಮುರಿದು, ಕ್ಲಾಕ್ ಮೇಲಿರುವಾಗಲೇ ಡೇಟಾ ಕೆಳಗಿಳಿದರೆ ಅದೇ ಸಂದೇಶದ ಆರಂಭ. ಎಲ್ಲರೂ ಕುಳಿತಿರುವ ಸಭೆಯಲ್ಲಿ ಒಬ್ಬರು ಎದ್ದು ನಿಂತರೆ ಮಾತು ಶುರುವಾಯಿತೆಂದು ತಿಳಿಯುವ ಹಾಗೆ, ಅಥವಾ ತಾಳ ತಪ್ಪಿದ ಪೆಟ್ಟೊಂದನ್ನೇ ಪಲ್ಲವಿಯ ಗುರುತೆಂದು ಒಪ್ಪಿಕೊಂಡ ಹಾಗೆ. ಆಮೇಲೆ 7 ಬಿಟ್ ವಿಳಾಸ, ಓದಬೇಕೋ ಬರೆಯಬೇಕೋ ಎಂದು ತಿಳಿಸುವ 1 ಬಿಟ್, ಒಂಬತ್ತನೆಯ ಕ್ಲಾಕಿಗೆ ಎದುರಿನ ಚಿಪ್ ತಂತಿಯನ್ನು ಕೆಳಗೆಳೆದು ಕೊಡುವ ಓಗೊಡುವಿಕೆ. ಸರ್ಚ್ ಹುಡುಕುವುದು ಇಂಥ ಗುರುತುಗಳನ್ನೇ.

ಈ ಹುಡುಕಾಟವನ್ನು ಗುಂಡಿ ತಿರುಗಿಸದೆ ಕಂಪ್ಯೂಟರಿನಿಂದಲೇ ಮಾಡಿಸಬಹುದು. ಅಳತೆಯ ಉಪಕರಣಗಳನ್ನು ಕಂಪ್ಯೂಟರಿಗೆ ಜೋಡಿಸುವ ಹ್ಯೂಲೆಟ್-ಪ್ಯಾಕರ್ಡ್‌ನ ಬಸ್ 1975ರಲ್ಲಿ ಐಇಇಇ 488 ಮಾನಕವಾಯಿತು, 1990ರಲ್ಲಿ ಬಂದ ಎಸ್‌ಸಿಪಿಐ ಎಂಬ ಮಾನಕ, ಉಪಕರಣಗಳಿಗೆ ಕಳಿಸುವ ಆಜ್ಞೆಗಳಿಗೆ ಒಂದು ವ್ಯಾಕರಣ ಕೊಟ್ಟಿತು. ಆದರೂ ಸರ್ಚ್ ಆಜ್ಞೆಗಳ ಪದಗಳು ಕಂಪನಿಯಿಂದ ಕಂಪನಿಗೆ ಬೇರೆಯಾಗಿಯೇ ಉಳಿದಿವೆ, ಹೀಗಾಗಿ ಪ್ರೋಗ್ರಾಮಿಂಗ್ ಕೈಪಿಡಿಯಿಂದ ಬಿಡುಗಡೆಯಿಲ್ಲ.

ಸೆಕೆಂಡಿಗೆ 1 ಕೋಟಿ ಮಾದರಿಯಂತೆ (ಒಂದು ಮಾದರಿ ಎಂದರೆ ವೋಲ್ಟೇಜಿನ ಒಂದು ಅಳತೆ) ಒಂದು ಸೆಕೆಂಡು ದಾಖಲಿಸಿದರೆ, ಓಗೊಡುವಿಕೆಯೂ ಸೇರಿ ಬೈಟಿಗೆ 9 ಕ್ಲಾಕ್ ಬೇಕಾದ್ದರಿಂದ, 1 ಲಕ್ಷ ಹರ್ಟ್ಸ್ ವೇಗದ ಬಸ್‌ನ ಹೆಚ್ಚೆಂದರೆ ಸುಮಾರು 11,000 ಬೈಟುಗಳು ಅದರಲ್ಲಿರುತ್ತವೆ. ಅಷ್ಟು ಮಾದರಿಗಳನ್ನೂ ಕಂಪ್ಯೂಟರಿಗೆ ಹೊತ್ತು ತರುವ ಬದಲು, ವಿಳಾಸವನ್ನು ಹೇಳಿ ಅದು ಕಂಡ ಸಮಯಗಳನ್ನಷ್ಟೇ ಕೇಳುವುದು ಜಾಣತನ.

ಒಮ್ಮೆ ನಾನು ಒಂದು ಇಇಪ್ರಾಮ್ ಚಿಪ್ಪನ್ನು (ವಿದ್ಯುತ್ ಹೋದರೂ ಬರೆದದ್ದನ್ನು ಉಳಿಸಿಕೊಳ್ಳುವ ನೆನಪಿನ ಚಿಪ್) ಎ0 ಎಂಬ ವಿಳಾಸದಿಂದ ಹುಡುಕಿಸಿದೆ. ಬಂದ ಉತ್ತರ ಸೊನ್ನೆ. ಪರದೆಯಲ್ಲಿ ಮಾತ್ರ ತರಂಗಗಳು ಕಣ್ಣಿಗೆ ರಾಚುತ್ತಿದ್ದವು. ಆ ಚಿಪ್ಪಿನ 7 ಬಿಟ್ ವಿಳಾಸ ಹದಿನಾರರ ಪದ್ಧತಿಯಲ್ಲಿ 50; ಕೊನೆಗೆ ‘ಬರೆ’ ಎಂಬ ಸೊನ್ನೆಯನ್ನು ಅಂಟಿಸಿದಾಗಲಷ್ಟೇ ಅದು ಎ0 ಆಗುತ್ತದೆ, ಆಸಿಲೋಸ್ಕೋಪ್ ಕೇಳುತ್ತಿದ್ದುದು ಬರಿಯ ವಿಳಾಸವನ್ನು. 50 ಎಂದು ತಿದ್ದಿದೊಡನೆ ಗುರುತುಗಳು ಸಾಲಾಗಿ ಮೂಡಿದವು. ಬಳಿಕ ಓಗೊಡದ ಜಾಗಗಳನ್ನು ಹುಡುಕಿಸಿದೆ: ಪ್ರತಿಯೊಂದೂ ಒಂದು ಬರವಣಿಗೆ ಮುಗಿದ 5 ಮಿಲಿಸೆಕೆಂಡಿನೊಳಗೇ ಇತ್ತು. ಚಿಪ್ ಕೆಟ್ಟಿರಲಿಲ್ಲ, ಕೊಟ್ಟ ಬೈಟನ್ನು ಒಳಗೆ ಬರೆದುಕೊಳ್ಳುತ್ತಿತ್ತು, ಅಷ್ಟು ಹೊತ್ತು ಯಾರ ಕರೆಗೂ ಓಗೊಡುತ್ತಿರಲಿಲ್ಲ.